ಬೆಳಗಿನ ಹಳದಿ ವಾಂತಿ: ಚಿನ್ನಿಗೆ ನಾವು ಮಾಡಿ ನೋಡಿದ್ದು

ಬೆಳಗ್ಗೆ ಐದೂವರೆ, ಇನ್ನೂ ಕತ್ತಲು. ವರಾಂಡದಲ್ಲಿ ಚಿನ್ನಿಯ ಉಗುರಿನ ಸದ್ದು, ಅದರ ಹಿಂದೆಯೇ ಹೊಟ್ಟೆ ಒಳಕ್ಕೆ ಎಳೆದುಕೊಳ್ಳುವ ಸದ್ದು. ನಾಯಿ ಸಾಕಿದವರಿಗೆ ಅದು ನಿದ್ದೆಯಲ್ಲೂ ಗೊತ್ತಾಗುತ್ತದೆ. ಎದ್ದು ಲೈಟ್ ಹಾಕಿದರೆ ನೆಲದ ಮೇಲೆ ಹಳದಿ ನೊರೆ. ಅನ್ನ ಇಲ್ಲ, ಮಾಂಸ ಇಲ್ಲ, ಬರೀ ಪಿತ್ತ. ಬಾಗಿಲು ತೆಗೆದರೆ ಸೀದಾ ಗರಿಕೆ ತಿನ್ನಲು ಓಡುತ್ತಾಳೆ. ಎಂಟು ಗಂಟೆ ಹೊತ್ತಿಗೆ ಆರಾಮಾಗಿ ಆಡಿಕೊಂಡಿರುತ್ತಾಳೆ.

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಚಿನ್ನಿಗೆ ಆರು ವರ್ಷ, ತೂಕ 22 ಕೆಜಿ, ಲ್ಯಾಬ್ರಡಾರ್ ಮತ್ತು ನಾಡು ನಾಯಿಯ ಮಿಶ್ರ. ಕಳೆದ ಡಿಸೆಂಬರ್‌ನಲ್ಲಿ, ಕೊಯ್ಲು ಜೋರಾಗಿದ್ದಾಗ ಈ ವಾಂತಿ ಶುರುವಾಯಿತು. ನನಗೆ ಮೊದಲು ಅನುಮಾನ ಬಂದಿದ್ದು ಕಣದಲ್ಲಿ ಹರಡಿದ್ದ ಕಾಫಿ ಮೇಲೆ. ಕಾಫಿಯಲ್ಲಿರುವ ಕೆಫೀನ್ ನಾಯಿಗೆ ವಿಷ. ಆದರೆ ಅದನ್ನು ತಿಂದಿದ್ದರೆ ಚಡಪಡಿಕೆ, ನಡುಕ, ಜೋರು ಎದೆಬಡಿತ ಇರುತ್ತಿತ್ತು. ಇವಳಿಗೆ ಅದ್ಯಾವುದೂ ಇರಲಿಲ್ಲ.

ಮನೆಯಲ್ಲಿ ಏನನ್ನೂ ಪ್ರಯೋಗ ಮಾಡುವ ಮೊದಲು ಡಾಕ್ಟ್ರಿಗೆ ತೋರಿಸಿದೆವು. ಇದನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ಹಳದಿ ವಾಂತಿ ಜಂತಿನಿಂದ ಬರಬಹುದು, ಲಿವರ್, ಕಿಡ್ನಿ, ಮೇದೋಜೀರಕ ಗ್ರಂಥಿಯ ತೊಂದರೆಯಿಂದಲೂ ಬರಬಹುದು. ನಮ್ಮ ಮಲೆನಾಡಿನಲ್ಲಿ ಉಣ್ಣೆ ಕಚ್ಚಿ ಬರುವ ಜ್ವರವಂತೂ ಇದ್ದೇ ಇದೆ. ಮಲ, ರಕ್ತ ಎರಡರ ಪರೀಕ್ಷೆಯೂ ಆಯಿತು. ಎಲ್ಲ ಸರಿ ಇತ್ತು. ಆಗ ಡಾಕ್ಟ್ರು ಕೇಳಿದರು, "ರಾತ್ರಿ ಊಟ ಎಷ್ಟೊತ್ತಿಗೆ ಹಾಕ್ತೀರಿ?"

"ಆರು ಗಂಟೆಗೆ ಸಾರ್. ಮೊದಲು ಎಂಟಕ್ಕೆ ಹಾಕ್ತಿದ್ವಿ. ಈಗ ಸಂಜೆ ತೂಕ, ಲೆಕ್ಕ ಅಂತ ಕೆಲಸ ಇರುತ್ತಲ್ಲ, ಬೇಗ ಹಾಕಿಬಿಡ್ತೀವಿ."

"ಬೆಳಗ್ಗೆ?"

"ಎಂಟೂವರೆ."

ಹದಿನಾಲ್ಕೂವರೆ ಗಂಟೆ ಅಂತರ! ಲೆಕ್ಕ ಹಾಕಿದಾಗ ನನಗೆ ತುಂಬ ಬೇಜಾರಾಯಿತು. ಪಿತ್ತ ಇರಬೇಕಾದದ್ದು ಸಣ್ಣ ಕರುಳಿನಲ್ಲಿ. ಹೊಟ್ಟೆ ಬಹಳ ಹೊತ್ತು ಖಾಲಿ ಇದ್ದರೆ ಕೆಲವು ನಾಯಿಗಳಲ್ಲಿ ಅದು ಹಿಂದಕ್ಕೆ ಹರಿದು ಜಠರಕ್ಕೆ ಬರುತ್ತದೆ. ಜಠರದ ಒಳಪದರ ಉರಿಯುತ್ತದೆ, ವಾಂತಿ ಆಗುತ್ತದೆ. ರಾತ್ರಿಯ ಉಪವಾಸವೇ ಎಲ್ಲಕ್ಕಿಂತ ಉದ್ದ, ಹಾಗಾಗಿ ಬೆಳಗಿನ ಜಾವಕ್ಕೇ ಬರುವುದು. ಅಂತರ ಕಡಿಮೆ ಮಾಡಿ ನೋಡಿ ಅಂದರು. ಹೇಗೆ ಕಡಿಮೆ ಮಾಡುವುದು ಎಂಬುದಕ್ಕೆ ನಾವು ಮೂರು ದಾರಿ ಹಿಡಿದೆವು. ಒಂದೊಂದನ್ನೂ ಹದಿನಾಲ್ಕು ದಿನ. ವಾಂತಿ ಆದ ದಿನ ಗೋಡೆ ಕ್ಯಾಲೆಂಡರ್‌ನಲ್ಲಿ ಹಳದಿ ಚುಕ್ಕೆ. ಏನೂ ಬದಲಿಸುವ ಮುಂಚಿನ ಹದಿನಾಲ್ಕು ದಿನದಲ್ಲಿ ಒಂಬತ್ತು ಚುಕ್ಕೆ ಇದ್ದವು.

ಆಮ್ಲ ತಗ್ಗಿಸುವ ಮಾತ್ರೆಯನ್ನೂ ಮೊದಲ ಹತ್ತು ದಿನ ಡಾಕ್ಟ್ರು ಕೊಟ್ಟಿದ್ದರು. ಅಷ್ಟು ದಿನ ವಾಂತಿ ನಿಂತಿತ್ತು. ಬಿಟ್ಟ ಮೂರನೇ ದಿನ ಮತ್ತೆ ಬಂತು. ಊಟದ ಹೊತ್ತು ಸರಿ ಮಾಡದೆ ಸುಮ್ನೆ ಮಾತ್ರೆ ನುಂಗಿಸುತ್ತಾ ಹೋಗುವುದು ನನಗೆ ಒಪ್ಪಿಗೆಯಾಗಲಿಲ್ಲ. ನಾವು ನುಂಗುವ ಮಾತ್ರೆಯನ್ನು ನಮ್ಮದೇ ಅಂದಾಜಿನಲ್ಲಿ ಯಾರೂ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆಗಳಂತೂ ನಾಯಿಯ ಹೊಟ್ಟೆ, ಕಿಡ್ನಿಯನ್ನು ಹಾಳು ಮಾಡುತ್ತವೆ.

ಮೊದಲ ದಾರಿ, ರಾತ್ರಿ ಊಟವನ್ನೇ ಒಂಬತ್ತೂವರೆಗೆ ತಳ್ಳಿದ್ದು. ಹೆಚ್ಚು ಕೆಲಸ ಇಲ್ಲ, ನಮ್ಮ ಊಟದ ಜೊತೆಗೇ ಅವಳದ್ದೂ. ಚುಕ್ಕೆ ನಾಲ್ಕಕ್ಕೆ ಇಳಿಯಿತು. ಆದರೆ ಹೊಟ್ಟೆ ತುಂಬ ತಿಂದು ಮಲಗಿದವಳು ರಾತ್ರಿ ಎರಡಕ್ಕೆ ಬಾಗಿಲು ಕೆರೆಯುತ್ತಿದ್ದಳು. ಪೇಟೆಯಲ್ಲಿ ಇದು ದೊಡ್ಡ ವಿಷಯ ಅಲ್ಲದೇ ಇರಬಹುದು. ನಮ್ಮಲ್ಲಿ ಹಾಗಲ್ಲ. ಈ ಭಾಗದಲ್ಲಿ ಚಿರತೆ ನಾಯಿಗಳನ್ನು ಹೊತ್ತೊಯ್ಯುತ್ತದೆ, ತೋಟಕ್ಕೆ ಆನೆ ಬರುತ್ತದೆ. ಅವಳನ್ನು ಬೆಲ್ಟ್ ಹಾಕಿ ಹೊರಗೆ ನಿಲ್ಲಿಸಿಕೊಂಡು, ನಮ್ಮನೆಯವರು ಟಾರ್ಚ್ ಹಿಡಿದು ಕಾಫಿ ಗಿಡಗಳ ಸಾಲು ನೋಡುತ್ತಾ ಕಾಯುವುದು ಎಷ್ಟು ದಿನ? ನಾಯಿಯ ಹೊಟ್ಟೆ ಉಳಿಸಲು ಹೋಗಿ ಪ್ರಾಣಕ್ಕೆ ಕುತ್ತು ತಂದುಕೊಂಡ ಹಾಗಾಗುತ್ತಿತ್ತು. ಹದಿನಾಲ್ಕು ದಿನ ಮುಗಿದ ಕೂಡಲೇ ಬಿಟ್ಟೆವು.

ಎರಡನೆಯದು, ನಾಲ್ಕೂವರೆಗೆ ಅಲಾರಂ ಇಟ್ಟು ವಾಂತಿಗೂ ಮುಂಚೆ ತಿನ್ನಿಸುವುದು. ಚುಕ್ಕೆ ಮೂರು. ಲೆಕ್ಕದಲ್ಲಿ ಮೊದಲನೆಯದಕ್ಕಿಂತ ವಾಸಿ. ಆದರೆ ಎರಡನೇ ವಾರಕ್ಕೆ ಚಿನ್ನಿ ಅಲಾರಂಗಿಂತ ಮೊದಲೇ, ನಾಲ್ಕಕ್ಕೆ, ಆಮೇಲೆ ಮೂರೂವರೆಗೆ ಎಬ್ಬಿಸಲು ಶುರು ಮಾಡಿದಳು. ಊಟ ಬರುವ ಹೊತ್ತು ಗೊತ್ತಾದ ಮೇಲೆ ನಾಯಿ ಕಾಯುವುದಿಲ್ಲ ಅಲ್ವಾ? ಇನ್ನೊಂದು ತೊಂದರೆ, ಹೊಟ್ಟೆ ಆಗಲೇ ತೊಳಸುತ್ತಿದ್ದರೆ ತುಟಿ ನೆಕ್ಕುತ್ತಾ ತಟ್ಟೆಯಿಂದ ಮುಖ ತಿರುಗಿಸುತ್ತಾಳೆ. ತಿನ್ನಿಸಲು ಆಗುವುದೇ ಇಲ್ಲ.

ಮೂರನೆಯದು ಮಲಗುವ ಮುಂಚಿನ ತುತ್ತು. ಊಟ ಸಂಜೆ ಏಳಕ್ಕೆ, ತುತ್ತು ಹತ್ತೂಕಾಲಿಗೆ, ಬೆಳಗಿನ ಊಟ ಏಳಕ್ಕೆ. ದಿನದ ಒಟ್ಟು ಊಟ ಹೆಚ್ಚಿಸಲಿಲ್ಲ, ಅದರಲ್ಲೇ ಒಂದು ಪಾಲು ಎತ್ತಿಟ್ಟೆ. ಇಲ್ಲದಿದ್ದರೆ ಈ ಜಾತಿ ನಾಯಿ ಬೇಗ ದಪ್ಪ ಆಗುತ್ತದೆ.

ಇದರಲ್ಲಿ ಯಾವ ತುತ್ತು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಅತ್ತೆ ಹೇಳಿದರು, "ರಾಗಿ ಗಂಜಿ ಕುಡಿಸಮ್ಮ, ಹೊಟ್ಟೆ ತಣ್ಣಗಿರುತ್ತೆ." ಅವರ ಮಾತಿನಂತೆ ನಾಲ್ಕು ದಿನ ಗಂಜಿ. ಎರಡು ಬೆಳಗ್ಗೆ ವಾಂತಿ. ನೀರಾಗಿರುವುದು ಜಠರದಿಂದ ಬೇಗ ಇಳಿದುಹೋಗುತ್ತದೆ, ಗಟ್ಟಿಯಾಗಿರುವುದು ನಿಧಾನ. ಗಂಜಿ ಕುಡಿದ ರಾತ್ರಿ ಉಚ್ಚೆಗೂ ಏಳುತ್ತಿದ್ದಳು. ಹಾಲು, ಬ್ರೆಡ್ ಒಂದೇ ರಾತ್ರಿ ಕೊಟ್ಟಿದ್ದು, ಮಾರನೇ ದಿನ ಭೇದಿ. ಬೆಳೆದ ನಾಯಿಗಳಲ್ಲಿ ಎಷ್ಟೋ ನಾಯಿಗೆ ಹಾಲು ಅರಗುವುದಿಲ್ಲ. ಮೊಸರನ್ನ ಪರವಾಗಿಲ್ಲ, ಆದರೆ ನಮ್ಮ ಊಟದಿಂದ ಎತ್ತಿಕೊಟ್ಟರೆ ಒಗ್ಗರಣೆ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಮನೆಯಲ್ಲಿ ಎಲ್ಲರಿಗೂ ಇದು ಗೊತ್ತಿರಬೇಕು.

ಕೊನೆಗೆ ಉಳಿದಿದ್ದು ಎರಡು. ಚರ್ಮ, ಮೂಳೆ ತೆಗೆದು, ಉಪ್ಪು ಎಣ್ಣೆ ಹಾಕದೆ ಬೇಯಿಸಿದ ಕೋಳಿ ಚೂರು ಸೇರಿಸಿದ ಅನ್ನದ ಉಂಡೆ. ಇಲ್ಲವೇ ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ, ಅವಳು ಮೊದಲಿನಿಂದ ತಿನ್ನುವ ಡಾಗ್ ಫುಡ್ ಕಾಳು. ಎರಡನ್ನೂ ಒಂದೊಂದು ವಾರ ನೋಡಿದೆ. ಉಂಡೆಯ ವಾರ ಒಂದು ಚುಕ್ಕೆ, ಕಾಳಿನ ವಾರ ಚುಕ್ಕೆಯೇ ಇಲ್ಲ. ಒಂದು ಚುಕ್ಕೆಯ ವ್ಯತ್ಯಾಸ ಹಿಡಿದು ಕಾಳೇ ಮೇಲು ಅಂತ ನಾನು ಹೇಳಲಾರೆ. ಕೊಡುವುದು ಸುಲಭ ಅಂತ ಕಾಳು ಮುಂದುವರಿಸಿದೆ. ಮಲೆನಾಡಿನವರು ಒಂದು ನೆನಪಿಟ್ಟುಕೊಳ್ಳಿ, ಜೂನ್ ಬಂದರೆ ತೆರೆದ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ. ಸಣ್ಣ ಚೀಲ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಯಾವ ದಾರಿ ಹಿಡಿದರೂ ವಾಂತಿಯಲ್ಲಿ ರಕ್ತ ಕಂಡರೆ, ದಿನದಲ್ಲಿ ಮತ್ತೆ ಮತ್ತೆ ಆದರೆ, ಊಟ ಬಿಟ್ಟು ಮೂಲೆ ಸೇರಿದರೆ ಮನೆಯ ಪ್ರಯೋಗ ಅಲ್ಲಿಗೇ ನಿಲ್ಲಿಸಿ. ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಹೊರಬರದಿದ್ದರೆ ಬೆಳಗಾಗುವವರೆಗೂ ಕಾಯಬೇಡಿ, ಆ ರಾತ್ರಿಯೇ ಗಾಡಿ ತೆಗೆಯಿರಿ. ಜಠರ ತಿರುಚಿಕೊಂಡಿದ್ದರೆ ಗಂಟೆಗಳಲ್ಲಿ ನಾಯಿ ಸಾಯುತ್ತದೆ.

ಮಾರ್ಚ್, ಏಪ್ರಿಲ್ ಎರಡು ತಿಂಗಳಲ್ಲಿ ಒಂದೇ ಚುಕ್ಕೆ. ಅದೂ ನೆಂಟರು ಬಂದ ದಿನ, ಯಾರೋ ಪ್ರೀತಿಯಿಂದ ಹಂದಿ ಮಾಂಸದ ಕೊಬ್ಬು ಹಾಕಿದ್ದರು. ವಾಂತಿ ತಾನಾಗಿಯೇ ವಾಸಿಯಾಗಿದೆಯೋ, ತುತ್ತಿನಿಂದ ನಿಂತಿದೆಯೋ ಎಂಬ ಸಂಶಯ ನಮ್ಮನೆಯವರಿಗೆ ಇತ್ತು. ಮೇ ತಿಂಗಳಲ್ಲಿ ತುತ್ತು ನಿಲ್ಲಿಸಿ, ಊಟದ ಹೊತ್ತನ್ನೂ ಹಿಂದಿನಂತೆ ಆರು, ಎಂಟೂವರೆ ಮಾಡಿ ನೋಡಿದೆವು. ಎರಡು ಬೆಳಗ್ಗೆ ಏನೂ ಇಲ್ಲ. ಮೂರನೇ ಬೆಳಗ್ಗೆ ಐದೂಮುಕ್ಕಾಲಿಗೆ ವರಾಂಡದಲ್ಲಿ ಅದೇ ಸದ್ದು, ಅದೇ ಹಳದಿ ನೊರೆ. ಅವತ್ತು ರಾತ್ರಿ ಹತ್ತೂಕಾಲಿಗೆ ಡಬ್ಬಿ ತೆಗೆದು ಕಾಳು ಹಾಕಿದವರು ನಮ್ಮನೆಯವರೇ.