ಪ್ರಜ್ಞೆಯ ಅಧ್ಯಯನ: ಟ್ಯೂರಿಂಗ್ ಯಂತ್ರದ ದಾರಿಯೋ, ‘ಫೈ’ ಅಳತೆಯ ದಾರಿಯೋ

ಹಾಸನದಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಾ, ಪ್ರಜ್ಞೆಯ ಕುರಿತು ಸೆಮಿನಾರ್ ಸಿದ್ಧಪಡಿಸಲು ಹೊರಟಿರುವ ವಿದ್ಯಾರ್ಥಿಯು ಎರಡು ಸಿದ್ಧಾಂತಗಳನ್ನು ತೂಗಿ ನೋಡಬಹುದು.

ಮೊದಲನೆಯದು ಕಂಪ್ಯೂಟರ್ ವಿಜ್ಞಾನಿಗಳಾದ ಲೆನೋರ್ ಬ್ಲಮ್ ಮತ್ತು ಮ್ಯಾನುಯೆಲ್ ಬ್ಲಮ್ ದಂಪತಿ 2022ರಲ್ಲಿ ವಿವರವಾಗಿ ಮಂಡಿಸಿದ ‘ಪ್ರಜ್ಞಾವಂತ ಟ್ಯೂರಿಂಗ್ ಯಂತ್ರ’ (ಟ್ಯೂರಿಂಗ್ ಯಂತ್ರವೆಂದರೆ ಕಂಪ್ಯೂಟರಿನ ಸರಳ ಗಣಿತೀಯ ಮಾದರಿ). ಪ್ರಜ್ಞೆಯನ್ನು ಬೆಳಕು ಬಿದ್ದ ರಂಗಮಂಚಕ್ಕೂ ಮೆದುಳಿನ ಉಳಿದ ಭಾಗಗಳನ್ನು ಕತ್ತಲಲ್ಲಿ ಕುಳಿತ ಪ್ರೇಕ್ಷಕರಿಗೂ ಹೋಲಿಸುವ, ಮನೋವಿಜ್ಞಾನಿ ಬರ್ನಾರ್ಡ್ ಬಾರ್ಸ್ ಅವರ ರಂಗಮಂಚದ ರೂಪಕವನ್ನು ಗಣಿತಕ್ಕೆ ಇಳಿಸಿದ ಈ ಮಾದರಿಯಲ್ಲಿ ಅಪಾರ ಸಂಖ್ಯೆಯ ಪ್ರೊಸೆಸರ್‌ಗಳು ತಂತಮ್ಮ ಮಾಹಿತಿಯ ತುಣುಕುಗಳೊಡನೆ ಸ್ಪರ್ಧೆಗಿಳಿಯುತ್ತವೆ. ಗೆದ್ದ ಒಂದೇ ತುಣುಕು ಅಲ್ಪಾವಧಿ ಸ್ಮೃತಿಯನ್ನು ತಲುಪಿ, ಅಲ್ಲಿಂದ ಎಲ್ಲ ಪ್ರೊಸೆಸರ್‌ಗಳಿಗೂ ಪ್ರಸಾರವಾಗುತ್ತದೆ; ಆ ಪ್ರಸಾರವನ್ನು ಎಲ್ಲವೂ ಪಡೆಯುವುದೇ ಇಲ್ಲಿ ಪ್ರಜ್ಞಾಪೂರ್ವಕ ಗಮನ. ಹಾಸನಾಂಬೆಯ ದರ್ಶನದ ದಿನಗಳಲ್ಲಿ ನೂರು ಕಡೆಯಿಂದ ಚೀಟಿಗಳು ಬಂದರೂ ಮೈಕಿನಲ್ಲಿ ಒಮ್ಮೆಗೆ ಒಂದೇ ಪ್ರಕಟಣೆ ಹೊರಟು, ಸಾಲಿನಲ್ಲಿ ನಿಂತವರೆಲ್ಲರ ಕಿವಿಗೂ ಬೀಳುವುದನ್ನು ಕಲ್ಪಿಸಿಕೊಳ್ಳಬಹುದು. ಆದರೆ ಇಲ್ಲಿ ಚೀಟಿ ಆರಿಸುವ ಮೇಲ್ವಿಚಾರಕನೇ ಇಲ್ಲ. ಸಂಭವನೀಯತೆಯನ್ನು ಆಧರಿಸಿದ ಸ್ಪರ್ಧೆಯೇ ಆಯ್ಕೆಯನ್ನು ನಿರ್ಧರಿಸುತ್ತದೆ. ಮಾದರಿಯ ಸೊಗಸು ಇರುವುದೇ ಇಲ್ಲಿ.

ಎರಡನೆಯದು ನರವಿಜ್ಞಾನಿ ಜುಲಿಯೊ ಟೊನೋನಿ 2004ರಲ್ಲಿ ಮಂಡಿಸಿದ ಸಮಗ್ರ ಮಾಹಿತಿ ಸಿದ್ಧಾಂತ. ವ್ಯವಸ್ಥೆಯ ಭಾಗಗಳು ಎಷ್ಟು ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ ಎಂಬುದನ್ನು ಅದು ‘ಫೈ’ ಎಂಬ ಪ್ರಮಾಣದಿಂದ ಅಳೆಯುತ್ತದೆ; ಫೈ ಹೆಚ್ಚಿದಷ್ಟೂ ಪ್ರಜ್ಞೆ ಹೆಚ್ಚು ಎನ್ನುತ್ತದೆ. ಘಟಕಗಳು ಹೆಚ್ಚಿದಂತೆ ಈ ಲೆಕ್ಕ ವಿಪರೀತವಾಗಿ ಬೆಳೆಯುವುದರಿಂದ ಸಣ್ಣ ಜಾಲಗಳಾಚೆಗೆ ನಿಖರ ಉತ್ತರ ಕೈಗೆಟುಕದು.

ಯಂತ್ರಕ್ಕೆ ಪ್ರಜ್ಞೆ ಬರಬಹುದೆಂದು ಬ್ಲಮ್ ದಂಪತಿ ಹೇಳಿದರೆ, ಟೊನೋನಿಯವರ ಪ್ರಕಾರ ಇಂದಿನ ರಚನೆಯ ಕಂಪ್ಯೂಟರು ಮೆದುಳನ್ನು ಪೂರ್ತಿ ಅನುಕರಿಸಿದರೂ ಪ್ರಜ್ಞೆ ಪಡೆಯದು. ಅಲ್ಗಾರಿದಮ್ ಬಲ್ಲವರಿಗೆ ನನ್ನ ಸಲಹೆ ಮೊದಲನೆಯದು, ಏಕೆಂದರೆ ಅದರ ವ್ಯಾಖ್ಯೆಗಳನ್ನು ಕಪ್ಪುಹಲಗೆಯ ಮೇಲೆಯೇ ಬರೆದು ತೋರಿಸಬಹುದು. ಅನುಭವದ ಸ್ವರೂಪವೇ ಕಾಡುತ್ತಿದ್ದರೆ ಎರಡನೆಯದನ್ನು ಹಿಡಿಯಬಹುದು.