ಗೊರಸು ಕೊಳೆಗೆ ಮೈಲುತುತ್ತ, ಫಾರ್ಮಾಲಿನ್, ಜಿಂಕ್ ಸಲ್ಫೇಟ್

ಶಿರಸಿಯ ಮಳೆಗಾಲದಲ್ಲಿ ಕುರಿ ಸಾಕುವವರಿಗೆ ಗೊರಸಿನ ಸಂದು ಕೊಳೆತು ಕುರಿ ಕುಂಟುವ ಗೊರಸು ಕೊಳೆಯ ಕಾಟ ತಪ್ಪಿದ್ದಲ್ಲ. ಮೈಲುತುತ್ತ, ಫಾರ್ಮಾಲಿನ್, ಜಿಂಕ್ ಸಲ್ಫೇಟ್ ಈ ಮೂರನ್ನೂ ಕುರಿಯ ಕಾಲು ಅದ್ದಿಸುವ ತೊಟ್ಟಿಗೆ ಹಾಕಿ ನೋಡಿದ ಮೇಲೆ ನಾನು ಉಳಿಸಿಕೊಂಡದ್ದು ಜಿಂಕ್ ಸಲ್ಫೇಟನ್ನು. 100 ಲೀಟರ್ ನೀರಿಗೆ 10 ಕಿಲೋ, ಗೊರಸು ಪೂರ್ತಿ ಮುಳುಗುವಷ್ಟು ಆಳ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಅಡಿಕೆ ತೋಟದವರ ಮನೆಯಲ್ಲಿ ಇದ್ದೇ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಉಳಿದದ್ದನ್ನು ಶೇ. 5ರಂತೆ ಕರಗಿಸಿದರೆ ಬೇರೆ ಖರ್ಚಿಲ್ಲ, ಗುಣವೂ ಉಂಟು. ಆದರೆ ತಾಮ್ರವನ್ನು ಕುರಿಯಷ್ಟು ತಾಳಲಾರದ ಸಾಕುಪ್ರಾಣಿ ಇನ್ನೊಂದಿಲ್ಲ. ತೊಟ್ಟಿಗೆ ಬಾಯಿ ಹಾಕಿ ಸ್ವಲ್ಪ ಸ್ವಲ್ಪವೇ ಕುಡಿದರೂ ಅದು ಯಕೃತ್ತಿನಲ್ಲಿ ಸೇರುತ್ತಾ ಹೋಗಿ, ಒಮ್ಮೆಲೇ ರಕ್ತಕಣಗಳನ್ನು ಒಡೆದು ಕಾಮಾಲೆ ತರಿಸುತ್ತದೆ. ನನಗೆ ಆ ಭಯವೇ ಬೇಡ.

ಫಾರ್ಮಾಲಿನ್ ಶೇ. 3ರಷ್ಟಿದ್ದರೆ ಕುರಿ ನಡೆದು ದಾಟಿದರೆ ಸಾಕು. ಆದರೆ ಅದರ ಘಾಟು ಕಣ್ಣು, ಗಂಟಲು ಉರಿಸುತ್ತದೆ, ಹುಣ್ಣಾದ ಕಾಲಿಗೆ ಒಮ್ಮೆ ಚುರುಗುಟ್ಟಿದ ಕುರಿಯನ್ನು ಮರುಸಲ ತೊಟ್ಟಿಗೆ ಇಳಿಸುವುದು ಕಷ್ಟ.

ಜಿಂಕ್ ಸಲ್ಫೇಟ್ ಅಷ್ಟು ಉರಿಸುವುದಿಲ್ಲ. ಕುರಿಗಳನ್ನು ಹತ್ತು ಹದಿನೈದು ನಿಮಿಷ ನಿಲ್ಲಿಸಬೇಕು, ಅಷ್ಟೆ.

ನಿಜವಾದ ತೊಡಕು ಬೇರೆಯೇ ಇದೆ, ಅದು ಮೂರಕ್ಕೂ ಒಂದೇ. ತೊಟ್ಟಿಯಿಂದ ಬಂದ ಕುರಿಗಳು ಕನಿಷ್ಠ ಒಂದು ಗಂಟೆ ಒಣನೆಲದಲ್ಲಿ ನಿಂತರೆ ಮಾತ್ರ ಔಷಧ ಹಿಡಿಯುತ್ತದೆ. ಜುಲೈನಲ್ಲಿ ಇಲ್ಲಿ ಒಣನೆಲವನ್ನು ಎಲ್ಲಿಂದ ತರುವುದು? ಅಂಗಳ ಪಾಚಿಗಟ್ಟಿರುತ್ತದೆ, ಕೊಟ್ಟಿಗೆಗೆ ಹಾಸಿದ ಬೆಟ್ಟದ ಸೊಪ್ಪು ಗಂಜಲದಲ್ಲಿ ನೆನೆದು, ಗೊರಸಿನ ಸಂದನ್ನು ಮೆತ್ತಗಾಗಿಸಿ, ರೋಗಾಣು ಒಳಹೋಗಲು ದಾರಿ ಮಾಡಿಕೊಡುತ್ತದೆ.

ಕೊನೆಗೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಹಿಕ್ಕೆ ಕೆಳಗೆ ಬೀಳುವಷ್ಟು, ಆದರೆ ಕಾಲು ಸಿಕ್ಕಿಕೊಳ್ಳದಷ್ಟು ಸಂದು ಬಿಟ್ಟು ಜೋಡಿಸಿ, ನೆಲದಿಂದ ಎತ್ತರಿಸಿ ಅಟ್ಟ ಕಟ್ಟಿಸಿದೆ. ದಬ್ಬೆಯ ಅಂಚಿನ ಸಿಬಿರನ್ನು ಕತ್ತಿಯಿಂದ ಹೆರೆದು ತೆಗೆಯಲೇಬೇಕು, ಇಲ್ಲವಾದರೆ ಅದೇ ಗೊರಸಿನ ಸಂದಿಗೆ ಚುಚ್ಚಿ ಹೊಸ ಗಾಯ ಮಾಡುತ್ತದೆ. ಈ ಅಟ್ಟವಿಲ್ಲದೆ ಯಾವ ಔಷಧವನ್ನು ಕೊಂಡರೂ ದುಡ್ಡು ನೀರುಪಾಲು.

ಕುಂಟುವ ಕುರಿಯನ್ನು ಮೊದಲೇ ಬೇರೆ ಕಟ್ಟುತ್ತೇನೆ. ರಕ್ತ ಬರುವಂತೆ ಗೊರಸು ಕೊರೆದರೆ ಗಾಯ ಮಾಯುವುದು ತಡವಾಗುತ್ತದೆ. ಕೊಳೆತ ವಾಸನೆ ಹೊಡೆದು ಗೊರಸು ಬಿಟ್ಟುಕೊಂಡಿದ್ದರೆ ಪಶುವೈದ್ಯರಿಂದ ಆಂಟಿಬಯಾಟಿಕ್ ಚುಚ್ಚುಮದ್ದೇ ಆಗಬೇಕು. ರೋಗ ಕಂಡ ಬೇಣಕ್ಕೆ (ಮೇಯುವ ಹುಲ್ಲುಗಾವಲಿಗೆ) ಎರಡು ವಾರ ಮಂದೆಯನ್ನು ಬಿಡುವುದಿಲ್ಲ.

ಬಯಲುಸೀಮೆಯಲ್ಲಿ ದೊಡ್ಡ ಹಿಂಡು ಹೊಡೆಯುವವರಿಗೆ ಫಾರ್ಮಾಲಿನ್ ಹೊಂದೀತು. ಸಣ್ಣ ಮಂದೆಯನ್ನು ಸಂಜೆ ನಾನೇ ನಿಂತು ನೋಡಿಕೊಳ್ಳುವುದರಿಂದ, ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತಕ್ಕಿಂತ ಅಗ್ಗಕ್ಕೆ ಸಿಗುವ ಜಿಂಕ್ ಸಲ್ಫೇಟೇ ನನ್ನ ಆಯ್ಕೆ.