20 ಸಾವಿರದ ಫೋನಿನಲ್ಲಿ ಕಿರುಚಿತ್ರ: ಎರಡು ವರ್ಷ ಬಳಸಿದ ಮೇಲೆ

ಸುಮಾರು 20 ಸಾವಿರ ಕೊಟ್ಟು ತಗೊಂಡ ಆಂಡ್ರಾಯ್ಡ್ ಫೋನು. ಎರಡು ವರ್ಷದ ಮೇಲಾಯ್ತು, ಕಿರುಚಿತ್ರಗಳನ್ನೆಲ್ಲ ಅದರಲ್ಲೇ ತೆಗೆಯುತ್ತಿದ್ದೇನೆ. ಅರಸೀಕೆರೆ ಕಡೆಯ ಹಳ್ಳಿ, ತೆಂಗಿನ ತೋಟ, ಹಳೇ ಹೆಂಚಿನ ಮನೆ, ನಟರು ಅಂದರೆ ನೆಂಟರು ಮತ್ತು ಸ್ನೇಹಿತರು. ಕಂಪನಿ ಹೆಸರು ಬರೆಯುವುದಿಲ್ಲ. ಆ ಮಾಡೆಲ್ ಈಗ ಅಂಗಡಿಯಲ್ಲಿ ಸಿಗಲ್ಲ, ಅಲ್ಲದೆ ಈ ಬೆಲೆಯ ಫೋನುಗಳೆಲ್ಲ ವಿಡಿಯೊ ವಿಷಯದಲ್ಲಿ ಹೆಚ್ಚುಕಮ್ಮಿ ಒಂದೇ ಥರ ಆಡುತ್ತವೆ.

ಚಿತ್ರದ ಗುಣಮಟ್ಟ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಸಾಕು. ತಾಲ್ಲೂಕಿನ ಸಭಾಂಗಣದ ಪರದೆಯ ಮೇಲೆ ಹಾಕಿದರೂ ಯಾರೂ ಮೂಗು ಮುರಿಯಲಿಲ್ಲ. ತೊಂದರೆ ಬೇರೆ ಇದೆ. ಈ ಫೋನು ತನಗೇ ಎಲ್ಲ ಗೊತ್ತು ಅಂದುಕೊಂಡಿದೆ. ಕತ್ತಲೆ ಕಂಡರೆ ಬೆಳಕು ಮಾಡುತ್ತದೆ, ಸುಕ್ಕು ಕಂಡರೆ ನಯ ಮಾಡುತ್ತದೆ, ಸದ್ದು ಕಮ್ಮಿಯಾದರೆ ತಾನೇ ಏರಿಸುತ್ತದೆ. ದೀಪ ಹಚ್ಚಿಟ್ಟ ದೇವರಮನೆಯಲ್ಲಿ ಮುಸ್ಸಂಜೆ ದೃಶ್ಯ ಇಟ್ಟರೆ ಅದು ಮಧ್ಯಾಹ್ನ ಮಾಡಿಕೊಡುತ್ತದೆ. ನಮ್ಮ ದೊಡ್ಡಮ್ಮನ ಮುಖ ತೋರಿಸುವುದಕ್ಕೇ ಒಂದು ಕ್ಲೋಸಪ್ ಇಟ್ಟಿದ್ದೆ, ಎಪ್ಪತ್ತು ದಾಟಿದ ಮುಖ, ಬ್ಯೂಟಿ ಸೆಟ್ಟಿಂಗ್ ಅದನ್ನು ಪೌಡರ್ ಜಾಹೀರಾತಿನ ಮುಖದ ಹಾಗೆ ಮಾಡಿಟ್ಟಿತ್ತು. ಹಾಗಾಗಿ ಈ ಎರಡು ವರ್ಷದಲ್ಲಿ ನಾನು ಮಾಡಿದ ಕೆಲಸ ಅಂದರೆ ಫೋನಿನ ಜಾಣತನವನ್ನು ಒಂದೊಂದಾಗಿ ನಿಲ್ಲಿಸುತ್ತಾ ಬಂದಿದ್ದು. ನಿಲ್ಲಿಸಿದ ಮೇಲೆ ಅದು ನಿಜಕ್ಕೂ ಒಳ್ಳೆಯ ಕ್ಯಾಮೆರಾ.

ಮೊದಲು ಬಿಟ್ಟಿದ್ದು ಫೋನಿನ ಜೊತೆ ಬಂದ ಕ್ಯಾಮೆರಾ ಆ್ಯಪ್. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ 2023ರಲ್ಲಿ ಐಫೋನಿಗೆ, 2024ರಲ್ಲಿ ಆಂಡ್ರಾಯ್ಡ್‌ಗೆ ಬಂತು. ಪೂರ್ತಿ ಉಚಿತ, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು), ಐಎಸ್ಒ (ಬೆಳಕನ್ನು ಎಷ್ಟು ಏರಿಸಿ ತೋರಿಸಬೇಕು ಅನ್ನುವುದು), ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣಲು ಬಣ್ಣದ ಹದ), ಫೋಕಸ್ ಎಲ್ಲ ಕೈಯಲ್ಲೇ ಇರುತ್ತದೆ. ಆದರೆ ಆಂಡ್ರಾಯ್ಡ್‌ನಲ್ಲಿ ಆಯ್ದ ಮಾಡೆಲ್‌ಗಳಿಗೆ ಮಾತ್ರ ಸಿಗುತ್ತದೆ, ನನ್ನದು ಆ ಪಟ್ಟಿಯಲ್ಲಿಲ್ಲ. ನಾನು ಬಳಸುವುದು ಓಪನ್ ಕ್ಯಾಮೆರಾ. ಇದೂ ಉಚಿತ, ಜಾಹೀರಾತು ಕಾಟವಿಲ್ಲ. ನೋಡುವುದಕ್ಕೆ ಅಷ್ಟೇನೂ ಚೆನ್ನಾಗಿಲ್ಲ, ಬಟನ್‌ಗಳೆಲ್ಲ ಎಲ್ಲೆಲ್ಲೋ ಇವೆ. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ2 ಎಪಿಐ (ಕ್ಯಾಮೆರಾದ ಹಿಡಿತವನ್ನು ಆ್ಯಪ್ ಕೈಗೆ ಕೊಡುವ ಆಂಡ್ರಾಯ್ಡ್ ವ್ಯವಸ್ಥೆ) ಆನ್ ಮಾಡಿಕೊಂಡರೆ ಬೇಕಾದ್ದೆಲ್ಲ ತೆರೆದುಕೊಳ್ಳುತ್ತದೆ, ಆದರೆ ಎಷ್ಟು ತೆರೆದುಕೊಳ್ಳುತ್ತದೆ ಅನ್ನುವುದು ಫೋನ್ ಮಾಡಿದವರು ಎಷ್ಟು ಬಿಟ್ಟುಕೊಟ್ಟಿದ್ದಾರೆ ಅನ್ನುವುದರ ಮೇಲಿದೆ. ಹೊಸ ಫೋನ್ ತಗೊಳ್ಳುವವರು ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟು ಇದನ್ನು ಮೊದಲು ನೋಡಿ. ಅಂಗಡಿಯಲ್ಲಿರುವ ಡೆಮೊ ಫೋನಿಗೆ ಈ ಆ್ಯಪ್ ಹಾಕಿ ನೋಡೋಣ ಅಂದರೆ ಕೆಲವರು ಬಿಡುತ್ತಾರೆ, ಕೆಲವರು ಕಣ್ಣು ಬಿಡುತ್ತಾರೆ.

ಫ್ರೇಮ್ ರೇಟ್ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮ್ಮಲ್ಲಿ ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಫೋನು ಸುಮ್ನೆ ಬಿಟ್ಟರೆ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ ತೆಗೆಯುತ್ತದೆ. ಅದು ಅಮೆರಿಕದ ಲೆಕ್ಕ, ಅಲ್ಲಿನ ಕರೆಂಟು 60 ಹರ್ಟ್ಜ್. ನಮ್ಮದು 50 ಹರ್ಟ್ಜ್, ಅಂದರೆ ಚೋಕ್ ಇರುವ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣಲ್ಲ. ಶಟರ್ 1/60 ಸೆಕೆಂಡ್ ಇದ್ದರೆ ಕ್ಯಾಮೆರಾಗೆ ಕಾಣುತ್ತದೆ, ಗೋಡೆ ಮೇಲೆ ಕಪ್ಪು ಪಟ್ಟೆಗಳು ನಿಧಾನವಾಗಿ ಏರುತ್ತಾ ಹೋಗುತ್ತವೆ. ಇದನ್ನು ಎಡಿಟಿಂಗ್‌ನಲ್ಲಿ ತೆಗೆಯುತ್ತೇನೆ ಅಂದುಕೊಂಡರೆ ಮುಗೀತು. 25 ಫ್ರೇಮ್ ಇಟ್ಟು ಶಟರ್ 1/50 ಮಾಡಿ, ಪಟ್ಟೆ ಹೋಗುತ್ತದೆ. ಫೋನಿನಲ್ಲಿ 25 ಇಲ್ಲವೇ ಇಲ್ಲ ಅಂದರೆ 30ರಲ್ಲೇ ಇಟ್ಟು ಶಟರ್ ಮಾತ್ರ 1/50 ಅಥವಾ 1/100 ಮಾಡಿದರೂ ನಡೆಯುತ್ತದೆ. ಅಗ್ಗದ ಎಲ್ಇಡಿ ಬಲ್ಬುಗಳಲ್ಲಿ ಕೆಲವು ಯಾವ ಲೆಕ್ಕಕ್ಕೂ ಬಗ್ಗಲ್ಲ. ಅಂಥದ್ದನ್ನು ಬಿಚ್ಚಿಟ್ಟು ಬೇರೆ ಹಾಕುವುದೇ ವಾಸಿ.

ಹೊರಗಡೆ ಇದೇ ಶಟರ್ ತಲೆನೋವು. ಇಂಥ ಫೋನಿನ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ತೂತು) ಬದಲಾಗಲ್ಲ, ಬಿಸಿಲಲ್ಲಿ 1/50 ಇಟ್ಟರೆ ಐಎಸ್ಒ ಎಷ್ಟು ಇಳಿಸಿದರೂ ಚಿತ್ರ ಬೆಳ್ಳಗಾಗಿ ಹೋಗುತ್ತದೆ. ಲೆನ್ಸಿಗೆ ಸಿಕ್ಕಿಸುವ ಎನ್‌ಡಿ ಫಿಲ್ಟರ್ ಸಿಗುತ್ತದೆ, ಅದೊಂದು ತಂಪು ಕನ್ನಡಕ ಅಂದುಕೊಳ್ಳಿ. ನಾನು ತಗೊಂಡಿದ್ದರ ಕ್ಲಿಪ್ಪು ಕೆಲವು ತಿಂಗಳಲ್ಲೇ ಸಡಿಲವಾಯಿತು, ಈಗ ರಬ್ಬರ್ ಬ್ಯಾಂಡ್ ಸುತ್ತಿ ನಡೆಸುತ್ತಿದ್ದೇನೆ. ಇನ್ನೊಂದು ದಾರಿ, ಬೆಳಗ್ಗೆ ಒಂಬತ್ತರ ಒಳಗೆ ಮತ್ತು ಸಂಜೆ ನಾಲ್ಕೂವರೆ ಮೇಲೆ ಮಾತ್ರ ಹೊರಗಿನ ದೃಶ್ಯ ಇಟ್ಟುಕೊಳ್ಳುವುದು. ಮಧ್ಯಾಹ್ನ ಎಲ್ಲರೂ ಊಟ ಮಾಡಿ ಮಲಗಲಿ. ಏಪ್ರಿಲ್ ಬಿಸಿಲಲ್ಲಂತೂ ಫೋನು ಕಾದು ಸ್ಕ್ರೀನ್ ಮಂಕಾಗಿ, ಆಮೇಲೆ ರೆಕಾರ್ಡಿಂಗ್ ತಾನೇ ನಿಲ್ಲಿಸಿಬಿಡುತ್ತದೆ. ಹಿಂದಿನ ಕವರ್ ತೆಗೆದು, ಒಬ್ಬರ ಕೈಗೆ ಕೊಡೆ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿ. ಬೇಗ ತಣ್ಣಗಾಗಲಿ ಅಂತ ಫ್ರಿಜ್‌ನಲ್ಲಿಡುವವರಿದ್ದಾರೆ, ದಯವಿಟ್ಟು ಬೇಡ, ಒಳಗೆ ನೀರು ಕಟ್ಟುತ್ತದೆ.

ಮನೆಯೊಳಗಿನ ಬೆಳಕಿಗೆ ದುಡ್ಡು ಬೇಕಿಲ್ಲ. ಬಾಗಿಲಿಗೆ ಅರ್ಧ ಮುಖ ಮಾಡಿ ಕೂರಿಸಿ, ಕತ್ತಲಿರುವ ಕಡೆ ಒಂದು ಥರ್ಮೋಕೋಲ್ ಶೀಟ್ ಹಿಡಿಯಿರಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ದೊಡ್ಡ ಸಿನಿಮಾದವರೂ ಹಿಡಿಯುವುದು ಅದನ್ನೇ. ಬಿಸಿಲು ನೇರವಾಗಿ ಬಿದ್ದರೆ ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿ. ಒಂದು ಎಚ್ಚರಿಕೆ, ಹಗಲು ಬೆಳಕು, ಟ್ಯೂಬ್‌ಲೈಟು, ಹಳದಿ ಬಲ್ಬು ಮೂರನ್ನೂ ಒಟ್ಟಿಗೆ ಉರಿಸಬೇಡಿ. ಅರ್ಧ ಮುಖ ನೀಲಿ, ಅರ್ಧ ಮುಖ ಅರಿಶಿನ ಆಗುತ್ತದೆ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಟ್ಟರೆ ಇನ್ನೂ ಕೇಡು, ಯಾರಾದರೂ ಕೆಂಪು ಸೀರೆ ಉಟ್ಟು ಹಿಂದೆ ಹಾದುಹೋದರೆ ಗೋಡೆ ಬಣ್ಣವೇ ಬದಲಾಗುತ್ತದೆ. ಒಂದು ಅಂಕಿಗೆ ಲಾಕ್ ಮಾಡಿ, ಬಿಸಿಲಿಗೆ 5600 ಕೆಲ್ವಿನ್ ಹತ್ತಿರ, ದೃಶ್ಯ ಮುಗಿಯುವವರೆಗೆ ಮುಟ್ಟಬೇಡಿ.

ಈಗ ಧ್ವನಿ. ನನ್ನ ಮಟ್ಟಿಗೆ ಖರ್ಚು ಮಾಡಬೇಕಾದ್ದು ಇಲ್ಲೇ. 2015ರಲ್ಲಿ ಅಮೆರಿಕದ ಶಾನ್ ಬೇಕರ್ ಐಫೋನ್ 5ಎಸ್‌ನಲ್ಲಿ ಪೂರ್ತಿ ಸಿನಿಮಾ ತೆಗೆದು ಸನ್‌ಡ್ಯಾನ್ಸ್ ಉತ್ಸವಕ್ಕೆ ತಗೊಂಡು ಹೋದರು ಅಂತ ಎಲ್ಲ ಕಡೆ ಹೇಳುತ್ತಾರೆ. ಲೆನ್ಸಿನ ಮುಂದೆ ಅನಾಮಾರ್ಫಿಕ್ ಅಡಾಪ್ಟರ್ (ಚಿತ್ರಕ್ಕೆ ಸಿನಿಮಾದ ಅಗಲ ಕೊಡುವ ಹೆಚ್ಚುವರಿ ಲೆನ್ಸು) ಇತ್ತು, ಧ್ವನಿ ಹಿಡಿಯೋಕೆ ಬೇರೆ ಉಪಕರಣವೇ ಇತ್ತು ಅನ್ನುವುದನ್ನು ಯಾರೂ ಹೇಳಲ್ಲ. ಫೋನಿನ ಮೈಕು ಹತ್ತಿರದಲ್ಲಿ ಮಾತಾಡುವುದಕ್ಕೆ ಮಾಡಿದ್ದು. ನಾಲ್ಕು ಅಡಿ ಆಚೆ ನಿಂತವರ ಮಾತಿಗಿಂತ ಪಕ್ಕದ ತೋಟದ ಬೋರ್‌ವೆಲ್ ಮೋಟಾರೇ ಜೋರಾಗಿ ಕೇಳುತ್ತದೆ. ಮಾತು ನಿಂತ ತಕ್ಷಣ ಫೋನು ತಾನೇ ವಾಲ್ಯೂಮ್ ಏರಿಸಿ ಫ್ಯಾನಿನ ಸದ್ದನ್ನು ಮೇಲೆ ತರುತ್ತದೆ, ಮಾತು ಶುರುವಾದರೆ ಇಳಿಸುತ್ತದೆ. ಉಸಿರು ಬಿಟ್ಟ ಹಾಗೆ ಕೇಳುತ್ತದೆ, ನೋಡುವವರಿಗೆ ಏನು ಅಂತ ಗೊತ್ತಾಗದಿದ್ದರೂ ಕಿರಿಕಿರಿ ಆಗುತ್ತದೆ.

ನಾನು ಇಟ್ಟುಕೊಂಡಿರುವುದು ಬೋಯಾ ಬಿವೈ-ಎಂ1, ಕಾಲರಿಗೆ ಸಿಕ್ಕಿಸುವ ವೈರಿನ ಮೈಕು. 6 ಮೀಟರ್ ವೈರು, ಒಳಗೆ ಎಲ್ಆರ್44 ಬಟನ್ ಸೆಲ್. ಸಾವಿರದ ಆಸುಪಾಸಿನ ಬೆಲೆಗೆ ಇದಕ್ಕಿಂತ ಜಾಸ್ತಿ ಕೇಳಬಾರದು. ಹೆಡ್‌ಫೋನ್ ತೂತಿಲ್ಲದ ಫೋನಿಗೆ ಟೈಪ್-ಸಿ ಅಡಾಪ್ಟರ್ ಬೇಕು, ಮೈಕ್ ಕೆಲಸ ಮಾಡುವ ಅಡಾಪ್ಟರ್ ಅಂತ ಕೇಳಿ ತಗೊಳ್ಳಿ, ಬರೀ ಹಾಡು ಕೇಳುವುದಕ್ಕೆ ಆಗುವಂಥವೂ ಇವೆ. ನಾನು ಮಾಡುವುದು ಇನ್ನೂ ಸುಲಭ. ಮನೆಯಲ್ಲಿ ಬಿದ್ದಿದ್ದ ಹಳೇ ಫೋನಿಗೆ ಮೈಕ್ ಹಾಕಿ, ರೆಕಾರ್ಡರ್ ಆನ್ ಮಾಡಿ ನಟರ ಜೇಬಿಗೋ ಸೊಂಟಕ್ಕೋ ಸೇರಿಸಿಬಿಡುತ್ತೇನೆ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ, ಆಮೇಲೆ ಎಡಿಟಿಂಗ್‌ನಲ್ಲಿ ಆ ಚಪ್ಪಾಳೆಗೆ ಹೊಂದಿಸಿದರೆ ಆಯ್ತು. ವೈರು ಫ್ರೇಮಿನಲ್ಲಿ ಕಾಣುವ ಗೋಜೇ ಇಲ್ಲ.

ಮೈಕು ಅಂಟಿಸೋಕೆ ಮೆಡಿಕಲ್ ಅಂಗಡಿಯ ಮೈಕ್ರೋಪೋರ್ ಟೇಪು. ಹತ್ತಿ ಸೀರೆ ಆದರೆ ಸರಿ, ರೇಷ್ಮೆ ಮತ್ತು ಪಾಲಿಸ್ಟರ್ ಸರ ಸರ ಅನ್ನುತ್ತವೆ. ಅದಕ್ಕಿಂತ ದೊಡ್ಡ ಸಮಸ್ಯೆ ಗಾಜಿನ ಬಳೆ. ದೊಡ್ಡಮ್ಮ ಮೊರದಲ್ಲಿ ಅಕ್ಕಿ ಕೇರುತ್ತಾ ಮಾತಾಡುವ ದೃಶ್ಯ, ಒಂದೊಂದು ಮಾತಿಗೂ ಬಳೆ ಝಣ್ ಅನ್ನುತ್ತದೆ, ಮಾತೇ ಕೇಳಲ್ಲ. ಸ್ವಲ್ಪ ಹೊತ್ತು ತೆಗೆದಿಡ್ತೀರಾ ಅಂತ ಮೆಲ್ಲಗೆ ಕೇಳಿದೆ. "ಬಳೆ ತೆಗೆಯೋ ಮಾತು ಆಡಬೇಡ ಕಣೋ, ಬೇಕಾದ್ರೆ ನಿನ್ನ ಮೈಕು ತೆಗಿ" ಅಂದರು. ದೊಡ್ಡಪ್ಪ ಅಲ್ಲೇ ಜಗಲಿ ಮೇಲೆ ಕೂತು ಎಲೆಯಡಿಕೆ ಹಾಕುತ್ತಾ ನಗುತ್ತಿದ್ದರು. ಕೊನೆಗೆ ಬಳೆಗಳನ್ನು ಮೊಣಕೈ ಕಡೆ ಸರಿಸಿ, ಮೇಲೆ ಸೆರಗು ಬರುವ ಹಾಗೆ ಕೂರಿಸಿ, ನಡುವೆ ಒಂದು ತೆಳು ಬಟ್ಟೆ ಸಿಕ್ಕಿಸಿದೆವು. ಒಂದೆರಡು ಕಡೆ ಬಳೆ ಸದ್ದು ಉಳಿಯಿತು, ಅದು ಆ ದೃಶ್ಯಕ್ಕೆ ಸರಿಯಾಗೇ ಇತ್ತು.

ಶೂಟಿಂಗ್ ಹೊತ್ತಿಗೆ ಫ್ರಿಜ್ ಆಫ್, ಫ್ಯಾನ್ ಆಫ್, ಪಕ್ಕದ ಮನೆಯ ಟಿವಿಗೂ ಒಂದು ಮಾತು ಹೇಳಿ. ಟಿವಿಯಿಂದ ಸಿನಿಮಾ ಹಾಡು ಸಣ್ಣಗೆ ಸೇರಿಕೊಂಡರೂ ಯೂಟ್ಯೂಬಿನಲ್ಲಿ ಕಾಪಿರೈಟ್ ಕ್ಲೇಮ್ ಬೀಳುವ ಸಾಧ್ಯತೆ ಇದೆ. ಫ್ರಿಜ್ ಮತ್ತೆ ಆನ್ ಮಾಡುವುದು ಮರೆಯಬಾರದು ಅಂದರೆ ಬೈಕಿನ ಕೀ ಅದರೊಳಗಿಡಿ. ಎಲ್ಲ ಮುಗಿದ ಮೇಲೆ ಅದೇ ಜಾಗದಲ್ಲಿ ಯಾರೂ ಮಾತಾಡದೆ ಅರ್ಧ ನಿಮಿಷ ಬರೀ ಖಾಲಿ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ನಡುವೆ ಕತ್ತರಿಸಿದ ಜಾಗಕ್ಕೆ ತೇಪೆ ಹಾಕುವುದು ಅದರಿಂದಲೇ.

ಗಿಂಬಲ್ (ಕೈ ಅಲುಗಿದರೂ ಫೋನು ಅಲುಗದ ಹಾಗೆ ಹಿಡಿಯುವ ಮೋಟಾರಿನ ಹಿಡಿಕೆ) ಬಗ್ಗೆ ಕೇಳುವವರಿಗೆ: ಬೇಡ. ಆರು ಸಾವಿರ ಕೊಟ್ಟು ತಂದಿದ್ದೆ, ಅದರ ಮೋಟಾರಿನ ಗುಂಯ್ ಸದ್ದು ಮೈಕಿಗೆ ಹತ್ತುತ್ತಿತ್ತು, ಪ್ರತಿ ಸಲ ಸಮತೋಲನ ಮಾಡುವಷ್ಟರಲ್ಲಿ ಬೆಳಕು ಹೋಗುತ್ತಿತ್ತು. ಯಾರಿಗೋ ಅರ್ಧ ಬೆಲೆಗೆ ಕೊಟ್ಟೆ. ನಮ್ಮ ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದೆಯಲ್ಲ, ಅದರ ಮೇಲೆ ಕಂಬಳಿ ಹಾಸಿ, ಫೋನ್ ಹಿಡಿದು ಕೂತು, ಇಬ್ಬರ ಕೈಲಿ ನಿಧಾನವಾಗಿ ಎಳೆಸಿಕೊಂಡರೆ ಟ್ರಾಲಿ ಶಾಟ್ ಎಷ್ಟು ನಯವಾಗಿ ಬರುತ್ತದೆ ಅಂದರೆ ಹೇಗೆ ತೆಗೆದಿರಿ ಅಂತ ಕೇಳುತ್ತಾರೆ. ಹೊರಗಡೆಗೆ ಒಂದು ಗಟ್ಟಿ ಟ್ರೈಪಾಡ್ ಸಾಕು. ಆದರೆ ಬೇಲೂರು ಹಳೇಬೀಡಿನಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್ ಇಟ್ಟು ಶೂಟ್ ಮಾಡಲು ಮೊದಲೇ ಅನುಮತಿ ಬೇಕು. ರೈಲ್ವೆ ನಿಲ್ದಾಣಕ್ಕೂ ಅಷ್ಟೇ. ಫೋನಲ್ವಾ, ಯಾರು ಕೇಳ್ತಾರೆ ಅಂತ ಹೋಗಬೇಡಿ, ಕೇಳುತ್ತಾರೆ.

ಲೆನ್ಸುಗಳಲ್ಲಿ ಮುಖ್ಯ ಲೆನ್ಸ್ ಒಂದೇ ಲೆಕ್ಕಕ್ಕೆ. ಉಳಿದವು ಡಬ್ಬಿ ಮೇಲೆ ಬರೆಯುವುದಕ್ಕೆ. ಮುಖ್ಯ ಲೆನ್ಸು ಸ್ವಲ್ಪ ಅಗಲ ನೋಟದ್ದು, ಮುಖದ ತೀರಾ ಹತ್ತಿರ ಹಿಡಿದರೆ ಮೂಗು ದೊಡ್ಡದಾಗುತ್ತದೆ. ಅದಕ್ಕೆ ಒಂದು ಉಪಾಯ ಇದೆ: 4ಕೆಯಲ್ಲಿ ಸ್ವಲ್ಪ ದೂರದಿಂದ ತೆಗೆದು, 1080ರಲ್ಲಿ ಎಡಿಟ್ ಮಾಡುವುದು. 4ಕೆ ಚಿತ್ರದ ಅಗಲ 3840, ನಮಗೆ ಬೇಕಾದ್ದು 1920, ಹಾಗಾಗಿ ಅರ್ಧಕ್ಕೆ ಕತ್ತರಿಸಿದರೂ ಏನೂ ಕೆಡಲ್ಲ. ಜಾಗ ಮಾತ್ರ ತಿನ್ನುತ್ತದೆ. 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ತೆಗೆದರೆ ನಿಮಿಷಕ್ಕೆ 375 ಎಂಬಿ, ಒಂದು ಗಂಟೆಗೆ 22 ಜಿಬಿ ದಾಟುತ್ತದೆ. ಊಟದ ಬಿಡುವಿನಲ್ಲಿ ಒಟಿಜಿ (ಫೋನಿಗೆ ಡ್ರೈವ್ ಜೋಡಿಸುವ ಕೊಂಡಿ) ಹಾಕಿ ಎಲ್ಲ ಇನ್ನೊಂದು ಡ್ರೈವ್‌ಗೆ ಇಳಿಸಿಕೊಳ್ಳುತ್ತೇನೆ. ಫ್ಲೈಟ್ ಮೋಡ್ ಯಾವಾಗಲೂ ಆನ್. ಒಳ್ಳೆ ಟೇಕ್ ನಡೆಯುವಾಗ ಸಾಲ ಬೇಕಾ ಸಾರ್ ಅಂತ ಕರೆ ಬಂದು ರೆಕಾರ್ಡಿಂಗ್ ನಿಂತರೆ ಯಾರ ಮೇಲೆ ರೇಗೋದು.

ಎಡಿಟಿಂಗ್‌ಗೆ ಕಂಪ್ಯೂಟರಿನಲ್ಲಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಶಕ್ತಿವಂತ ಸಾಫ್ಟ್‌ವೇರು, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿಗೆ ಭಾರ. ಅದಕ್ಕೆ ಹಾಕುವ ಮೊದಲು ಒಂದು ಕೆಲಸ ಬಿಡಬೇಡಿ. ಫೋನು ಬೆಳಕು ಕಮ್ಮಿಯಾದಾಗ ಫ್ರೇಮ್ ರೇಟನ್ನು ತಾನೇ ಏರಿಳಿಸುತ್ತದೆ, 25 ಅಂತ ಇಟ್ಟಿದ್ದರೂ ಒಂದೇ ಸಮ ಇರಲ್ಲ, ಅದರಿಂದ ಉದ್ದ ಟೇಕ್‌ಗಳಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸಿ ಒಂದು ಸಲ ಪರಿವರ್ತಿಸಿಕೊಂಡರೆ ಈ ಕಾಟ ತಪ್ಪುತ್ತದೆ. ಫೋನಿನಲ್ಲೇ ಎಡಿಟ್ ಮಾಡುವವರಿಗೆ ವಿಎನ್ ಅನ್ನುವ ಆ್ಯಪ್ ಸಾಕು, ಐದು ನಿಮಿಷದೊಳಗಿನ ಚಿತ್ರಕ್ಕೆ ಆರಾಮಾಗಿ ಆಗುತ್ತದೆ.

ಕನ್ನಡ ಟೈಟಲ್ ಹಾಕುವಾಗ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ನಿರ್ದೇಶಕರ ಹೆಸರಿನಲ್ಲೇ ಒತ್ತು ಕಳಚಿಬಿದ್ದ ಚಿತ್ರಗಳನ್ನು ಉತ್ಸವಗಳಲ್ಲೂ ನೋಡಿದ್ದೇನೆ. ಬೇರೆ ಕಡೆ ಟೈಪ್ ಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಅದನ್ನು ವಿಡಿಯೊ ಮೇಲೆ ಕೂರಿಸಿ. ಬಲೂ ತಮ್ಮ, ನೋಟೊ ಸೆರಿಫ್ ಕನ್ನಡ ಎರಡೂ ಉಚಿತ ಫಾಂಟುಗಳು, ಪರದೆ ಮೇಲೆ ಚೆನ್ನಾಗಿ ಕಾಣುತ್ತವೆ.

ಎರಡು ವರ್ಷದಲ್ಲಿ ಏನು ಸವೆದಿದೆ ಅಂದರೆ ಬ್ಯಾಟರಿ. ಮೊದಲು ಅರ್ಧ ದಿನ ಬರುತ್ತಿತ್ತು, ಈಗ ಪವರ್ ಬ್ಯಾಂಕನ್ನು ಟ್ರೈಪಾಡ್ ಕಾಲಿಗೆ ಟೇಪ್ ಸುತ್ತಿ ಕಟ್ಟಿಯೇ ಶೂಟಿಂಗ್. ಚಾರ್ಜಿಂಗ್ ತೂತು ಸಡಿಲ ಆಗಿದೆ. ಲೆನ್ಸಿನ ಗಾಜಿಗೆ ಸಣ್ಣ ಗೀರು ಬಿದ್ದಿದೆ, ಎದುರಿಗೆ ದೀಪ ಬಂದಾಗ ಮಾತ್ರ ಗೊತ್ತಾಗುತ್ತದೆ. ಫೋನ್ ಬಿಟ್ಟು ನನ್ನ ಸಾಮಾನಿಗೆಲ್ಲ ಸೇರಿ ಮೂರು ಸಾವಿರ ದಾಟಿಲ್ಲ, ಮಾರಿದ ಗಿಂಬಲ್ ಲೆಕ್ಕಕ್ಕೆ ತಗೊಂಡಿಲ್ಲ. ಒಂದು ಚಿತ್ರಕ್ಕೆ ಅದಕ್ಕಿಂತ ಜಾಸ್ತಿ ಖರ್ಚಾಗುವುದು ಊಟ ತಿಂಡಿಗೆ. ಅದನ್ನು ಕಡಿಮೆ ಮಾಡಲು ಹೋಗಬೇಡಿ, ಬಿಟ್ಟಿ ಬಂದು ಕೆಲಸ ಮಾಡುವವರಿಗೆ ಚಿತ್ರಾನ್ನದ ಜೊತೆ ವಡೆ ಇಲ್ಲದಿದ್ದರೆ ಎರಡನೇ ದಿನ ಬರಲ್ಲ.

ರಾತ್ರಿ ಬೀದಿ ದೃಶ್ಯ, ಓಡುವ ದೃಶ್ಯ, ದೂರದ ಹಕ್ಕಿ ತೋರಿಸುವ ಕಥೆ ಇರುವವರು ಈ ಬೆಲೆಯ ಫೋನು ನೆಚ್ಚಿಕೊಳ್ಳಬೇಡಿ, ಬಾಡಿಗೆಗೆ ಕ್ಯಾಮೆರಾ ತಗೊಳ್ಳಿ. ಮನೆಯೊಳಗೆ, ತೋಟದಲ್ಲಿ, ಇಬ್ಬರು ಮೂವರು ಮಾತಾಡುವ ಕಥೆಗೆ ಧಾರಾಳವಾಗಿ ಸಾಕು. ಮುಂದಿನ ಸಲ ಹತ್ತು ಸಾವಿರ ಕೈಗೆ ಸಿಕ್ಕರೂ ಹೊಸ ಫೋನಿಗೆ ಹಾಕಲ್ಲ, ಒಂದು ಸರಿಯಾದ ಆಡಿಯೊ ರೆಕಾರ್ಡರ್ ನೋಡುತ್ತಿದ್ದೇನೆ. ಮತ್ತೆ, ಮುಗಿಸಿದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸಬೇಡಿ, ಹಿಂಡಿ ಹಿಪ್ಪೆ ಮಾಡಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ 2 ಜಿಬಿವರೆಗೆ ಇದ್ದಹಾಗೇ ಹೋಗುತ್ತದೆ.